ಬೀನ್ಸ್ ಚಪ್ಪರದಲ್ಲಿ ನಮ್ಮ ಮೊದಲ ಆಲ್ಬಮ್

ಕಳೆದ ಭಾನುವಾರ ನಮ್ಮ ಬ್ಯಾಂಡಿನ ಮೊದಲ ಆಲ್ಬಮ್ಮನ್ನು ಪಕ್ಕದ ತೋಟದ ಪುಟ್ಟಸ್ವಾಮಣ್ಣನ ಬೀನ್ಸ್ ಚಪ್ಪರದಲ್ಲಿ ನೋಡಿದೆ. ನಾಲ್ಕು ಸಿ.ಡಿ.ಗಳು ಸಾಲಾಗಿ ದಾರದಲ್ಲಿ ನೇತಾಡುತ್ತ, ಬಿಸಿಲಿಗೆ ಫಳಫಳ ಹೊಳೆಯುತ್ತ, ಗಾಳಿ ಬಂದಾಗಲೆಲ್ಲ ಗಿರಗಿರ ತಿರುಗುತ್ತಿದ್ದವು. ಒಂದು ಬದಿಯಲ್ಲಿ ನಮ್ಮ ಬ್ಯಾಂಡಿನ ಮೂವರ ಮುಖಗಳು ಇನ್ನೂ ಮಾಸಿರಲಿಲ್ಲ. ಹಕ್ಕಿ ಬೆದರಿಸುವ ಕೆಲಸಕ್ಕೆ ನಮ್ಮನ್ನು ನೇಮಿಸಿಕೊಂಡವರು ಪುಟ್ಟಸ್ವಾಮಣ್ಣನ ಹೆಂಡತಿ ರತ್ನಕ್ಕ. ನಾನು ಬಾಯಿ ತೆರೆದು ನಿಂತದ್ದನ್ನು ಕಂಡು ಅವರಿಗೆ ಸ್ವಲ್ಪ ಇರುಸುಮುರುಸಾಯಿತು.

"ಬೇಜಾರ್ ಮಾಡ್ಕಬ್ಯಾಡಿ ಮೇಷ್ಟ್ರೇ. ಮೊದ್ಲು ಸಿನಿಮಾ ಹಾಡಿಂದು ಕಟ್ಟಿದ್ದೆ. ಹಕ್ಕಿಗಳು ಅದ್ರ ಪಕ್ಕದಲ್ಲೇ ಬಂದು ಕೂರ್ತಿದ್ವು. ನಿಮ್ದು ಕಟ್ಟಿದ್ಮೇಲೆ ಒಂದೂ ಈ ಕಡೆ ತಲೆ ಹಾಕಿಲ್ಲ!"

ಇಷ್ಟು ನೇರವಾದ ವಿಮರ್ಶೆ ನಮಗೆ ಅದುವರೆಗೆ ಬಂದಿರಲಿಲ್ಲ. ನನಗೆ ನಗು ಬಂತು. ಬೇಜಾರು ಮಾಡಿಕೊಳ್ಳುವ ಹಕ್ಕು ನನಗಿರಲೂ ಇಲ್ಲ. ಆ ಆಲ್ಬಮ್ಮಿನ ವಿಷಯದಲ್ಲಿ ಜಗತ್ತಿನ ಯಾರ ಮೇಲೆ ಬೇಕಾದರೂ ನಾನು ಮುನಿಸಿಕೊಳ್ಳಬಹುದು, ಆ ಮನೆಯವರ ಮೇಲೆ ಮಾತ್ರ ಆಗದು. ಯಾಕೆಂದು ಹೇಳುತ್ತೇನೆ. ಆದರೆ ನನ್ನ ಮಾತು ನಮ್ಮ ಮಾಕುಟ್ಟದ ಘಾಟಿ ರಸ್ತೆಯ ಹಾಗೆ, ತಿರುವುಗಳೇ ಹೆಚ್ಚು. ಸ್ವಲ್ಪ ಸಹಿಸಿಕೊಳ್ಳಿ.

ನಾನು ವಿರಾಜಪೇಟೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು, ಜೊತೆಗೆ ಒಂದು ಸಣ್ಣ ಕಾಫಿ ತೋಟವೂ ಇದೆ. ನಮ್ಮ ತಂದೆ ಒಂದು ಎಸ್ಟೇಟಿನಲ್ಲಿ ಜೀಪ್ ಡ್ರೈವರ್ ಆಗಿದ್ದರು. ಆ ಜೀಪಿನ ಕ್ಯಾಸೆಟ್ ಪ್ಲೇಯರಿನಲ್ಲಿ ಧಣಿಗಳ ಕ್ಯಾಸೆಟ್ ಒಂದು ಸಿಕ್ಕಿಕೊಂಡು ಹೊರಗೆ ಬರಲು ಒಪ್ಪದೆ ವರ್ಷಗಟ್ಟಲೆ ಅದೊಂದೇ ಹಾಡುತ್ತಿತ್ತು. ಹ್ಯಾಟು ಹಾಕಿದ ಯಾರೋ ದೂರದೇಶದ ಗಂಡಸು ಗಿಟಾರು ಹಿಡಿದು ಮೂಗಿನಲ್ಲಿ ಅಳುವ ಹಾಡುಗಳು. ಇಂಗ್ಲಿಷಿನ ಗಂಧವಿಲ್ಲದ ನಾನು, ಆ ಪುಣ್ಯಾತ್ಮನ ಹಸು ಕಳೆದುಹೋಗಿದೆ ಎಂದೇ ನಂಬಿದ್ದೆ. ಅಷ್ಟು ವ್ಯಥೆಯಿಂದ ಯಾರಾದರೂ ಬೇರೆ ಯಾತಕ್ಕೆ ಅಳುತ್ತಾರೆ? ಜೀಪು ಮೊದಲನೇ ಗೇರಿನಲ್ಲಿ ಏರು ಹತ್ತುವಾಗ ಬ್ಯಾಟರಿ ಸೋತು ಕ್ಯಾಸೆಟ್ಟೂ ನಿಧಾನವಾಗುತ್ತಿತ್ತು. ಗಾಯಕನೂ ನಮ್ಮ ಜೊತೆ ಏದುಸಿರು ಬಿಡುತ್ತ ಗುಡ್ಡ ಹತ್ತುತ್ತಿದ್ದ. ಇಳಿಜಾರಿನಲ್ಲಿ ಅವನಿಗೆ ಮತ್ತೆ ಹುರುಪು. ಹಾಡು ಇರುವುದೇ ಹಾಗೆ ಎಂದು ನಾನು ತಿಳಿದಿದ್ದೆ. ಈಗಲೂ ಚರಣ ಮೇಲೇರುವ ಕಡೆ ನನ್ನ ಕೈ ತಾನಾಗಿ ನಿಧಾನವಾಗುತ್ತದೆ. "ಗೇರ್ ಚೇಂಜ್ ಮಾಡೋ ಮಾರಾಯ!" ಎಂದು ಬೋಪಣ್ಣ ಬೈಯುತ್ತಾನೆ.

ಬೋಪಣ್ಣ ನನ್ನ ಬಾಲ್ಯದ ಗೆಳೆಯ, ಆ ಧಣಿಗಳ ಮನೆಯ ಹುಡುಗನೇ. ಕ್ಯಾಸೆಟ್ಟು ಅವನ ತಂದೆಯದು, ಜೀಪಿನಲ್ಲಿ ಕೂತು ಕೇಳಿದ ಕಿವಿ ನನ್ನದು. ದೊಡ್ಡವರಾದ ಮೇಲೆ ಅವನು ಎಲೆಕ್ಟ್ರಿಕ್ ಗಿಟಾರು ಕೊಂಡ, ನಾನು ಸಾದಾ ಗಿಟಾರು ಕೊಂಡೆ. ಡ್ರಮ್ ಬಾರಿಸಲು ಪೇಟೆಯ ಬಟ್ಟೆ ಅಂಗಡಿಯ ಶರೀಫ ಸೇರಿಕೊಂಡ. ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡುವ ವಿದ್ಯೆಯೂ ಅವನಿಗೆ ಗೊತ್ತಿತ್ತು. ನಮ್ಮ ಮನೆಮಾತು ಅರೆಭಾಷೆ, ಬೋಪಣ್ಣನದು ಕೊಡವ ತಕ್ಕ್, ಶರೀಫನದು ಮಲಯಾಳಂ. ಮೂವರೂ ಸೇರಿ ಜಗಳವಾಡಬೇಕಾದಾಗ ಕನ್ನಡ ಬಳಸುತ್ತಿದ್ದೆವು, ಹಾಗಾಗಿ ಹಾಡುಗಳೂ ಕನ್ನಡದಲ್ಲೇ ಆದವು. ಹ್ಯಾಟಿನವರ ಹಾಡಿನಲ್ಲಿ ಕುದುರೆ, ಮರಳುಗಾಡು, ರೈಲು ಬರುತ್ತವೆ. ಕೊಡಗಿನಲ್ಲಿ ರೈಲಿಲ್ಲ, ಕುದುರೆಯೂ ನಾನು ಕಂಡಂತೆ ಇಲ್ಲ. ನಾವು ಜೀಪು, ಕೇರಳದ ಬಸ್ಸು, ಒಳ್ಳೆಮೆಣಸಿನ ಬಳ್ಳಿ ಮುಂತಾದವನ್ನು ಹಾಕಿ ಅದೇ ಧಾಟಿಯಲ್ಲಿ ಅತ್ತೆವು. ಇದಕ್ಕೆ ಆಲ್ಟರ್ನೇಟಿವ್ ಕಂಟ್ರಿ ಎಂಬ ಹೆಸರಿದೆಯೆಂದು ಆಲ್ಬಮ್ ಬಂದ ಮೇಲೆ ಇಂಟರ್ನೆಟ್ಟಿನಲ್ಲಿ ಯಾರೋ ಬರೆದಾಗಲೇ ನಮಗೆ ತಿಳಿದದ್ದು.

ನಮ್ಮ ಬ್ಯಾಂಡಿನ ಹೆಸರು 'ಚೆಕ್‌ಪೋಸ್ಟ್'. ಒಮ್ಮೆ ಶರೀಫನ ನೆಂಟರ ಮದುವೆಯಲ್ಲಿ ಬಾರಿಸಲೆಂದು ಕೇರಳದ ಕಡೆ ಹೊರಟಿದ್ದೆವು. ಗಡಿಯಲ್ಲಿರುವ ಮಾಕುಟ್ಟದ ಗೇಟಿನಲ್ಲಿ ಕಾವಲಿನವರೊಬ್ಬರು ಜೀಪು ನಿಲ್ಲಿಸಿ, ಉದ್ದದ ಗಿಟಾರು ಪೆಟ್ಟಿಗೆಯ ಮೇಲೆ ಕಣ್ಣಿಟ್ಟರು. ತೆಗೆದು ತೋರಿಸಿದೆವು. ಆದರೂ ಅವರಿಗೆ ನಂಬಿಕೆ ಬರಲಿಲ್ಲ.

"ಬಾರ್ಸಿ ನೋಡುವ," ಎಂದರು.

ಬೋಪಣ್ಣ ಬಾರಿಸಿದ, ನಾನು ಹಾಡಿದೆ. ಒಂದು ಚರಣ ಮುಗಿಯುವುದರೊಳಗೆ ಅವರು ಕೈ ಅಡ್ಡ ತಂದು, "ಸಾಕು ಸಾಕು, ಹೋಗಿ," ಎಂದು ತಾವೇ ಗೇಟು ಎತ್ತಿದರು. ಅವರೇ ನಮ್ಮ ಮೊದಲ ಶ್ರೋತೃ ಎಂದು ವರ್ಷಗಟ್ಟಲೆ ಹೇಳಿಕೊಂಡು ತಿರುಗಿದ್ದೇವೆ. ಆಲ್ಬಮ್ಮಿಗೂ 'ಗೇಟು ತೆಗೀರಿ' ಎಂದು ಹೆಸರಿಟ್ಟೆವು. ಆ ಮೊದಲ ಶ್ರೋತೃವಿನ ವಿಷಯದಲ್ಲಿ ನಾವು ತಪ್ಪು ತಿಳಿದಿದ್ದೆವೆಂದು ಗೊತ್ತಾದದ್ದು ಕಳೆದ ಭಾನುವಾರ.

ಆಲ್ಬಮ್ ರೆಕಾರ್ಡ್ ಮಾಡಿ ಹನ್ನೊಂದು ವರ್ಷವಾಯಿತು. ಮಳೆಗಾಲದಲ್ಲಿ ತಗಡಿನ ಮೇಲೆ ಮಳೆಯ ಗಲಾಟೆ, ಕಾಫಿ ಪಿಕ್ಕಿಂಗ್ ಸಮಯದಲ್ಲಿ ಬೋಪಣ್ಣನಿಗೆ ತಲೆ ತುರಿಸಲೂ ಪುರುಸೊತ್ತಿಲ್ಲ. ಹಾಗಾಗಿ ಬಹಳ ಯೋಚಿಸಿ ಮಾರ್ಚ್ ತಿಂಗಳನ್ನು ಗೊತ್ತು ಮಾಡಿದೆವು. ನಮ್ಮ ಮನೆಯ ಗೋದಾಮಿನಲ್ಲಿ ಗೋಣಿಚೀಲಗಳನ್ನೂ ಹಳೆಯ ಹಾಸಿಗೆಗಳನ್ನೂ ಗೋಡೆಗೆ ಕಟ್ಟಿ ಸ್ಟುಡಿಯೋ ಮಾಡಿದೆವು. ಮೈಸೂರಿನ ಗೆಳೆಯನಿಂದ ಒಳ್ಳೆಯ ಮೈಕುಗಳನ್ನು ಹತ್ತು ದಿನದ ಮಟ್ಟಿಗೆ ಎರವಲು ತಂದೆವು. ಶರೀಫ ಹೆಡ್‌ಫೋನ್ ಹಾಕಿಕೊಂಡು ಐದು ನಿಮಿಷ ಕಣ್ಣು ಮುಚ್ಚಿ ಕೂತ. ಆಮೇಲೆ ಕಣ್ಣು ತೆರೆದು, "ಮಾಷೇ, ಒಳಗೆ ಯಾರೋ ಲಾರಿ ಬಿಡ್ತಾ ಇದ್ದಾರೆ," ಎಂದ.

ಕೊಡಗಿನಲ್ಲಿ ಹುಟ್ಟಿ ಬೆಳೆದ ನಮ್ಮ ಮೂವರ ಬುದ್ಧಿವಂತಿಕೆ ಇಲ್ಲಿ ಬಯಲಾಯಿತು. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಕಾಫಿ ಗಿಡ ಸರಿಯಾಗಿ ಹೂ ಬಿಡಬೇಕಾದರೆ ಬೇಸಿಗೆಯ ಮೊದಲಿಗೆ ಒಂದು ಒಳ್ಳೆಯ ಮಳೆ ಬೀಳಬೇಕು. ಹೂಮಳೆ ಎನ್ನುತ್ತೇವೆ. ಅದು ಕೈಕೊಟ್ಟರೆ ಕೆರೆಯಿಂದಲೋ, ನಾವು ತೋಡು ಎನ್ನುವ ಸಣ್ಣ ಹಳ್ಳದಿಂದಲೋ ನೀರೆತ್ತಿ ಸ್ಪ್ರಿಂಕ್ಲರಿನಲ್ಲಿ ಮಳೆ ಬರಿಸಬೇಕು. ಆ ಹೊತ್ತಿಗೆ ನೀರು ಕಾಣದ ಗಿಡದಲ್ಲಿ ಮೊಗ್ಗು ಹಾಗೇ ಒಣಗುತ್ತದೆ. ಮೊಗ್ಗು ಹೋದರೆ ಆ ವರ್ಷದ ಫಸಲು ಹೋಯಿತು. ಆ ಮಾರ್ಚಿನಲ್ಲಿ ಹೂಮಳೆ ಬಂದಿರಲಿಲ್ಲ. ಹಗಲು ರಾತ್ರಿ ಎನ್ನದೆ ಸುತ್ತಲಿನ ತೋಟಗಳಲ್ಲಿ ಡೀಸೆಲ್ ಮೋಟರುಗಳು ಬಡಿದುಕೊಳ್ಳುತ್ತಿದ್ದವು. ಎಲ್ಲಕ್ಕಿಂತ ಜೋರಾದದ್ದು ತೋಡಿನ ಆಚೆ ದಡದಲ್ಲಿ, ನಮ್ಮ ಗೋದಾಮಿನ ಕಿಟಕಿಗೆ ಎದುರಾಗಿಯೇ ಇದ್ದ ಪುಟ್ಟಸ್ವಾಮಣ್ಣನ ಮೋಟರು.

ಪುಟ್ಟಸ್ವಾಮಣ್ಣ ಕೊಡಗಿನ ಇನ್ನೊಂದು ಅಂಚಿನ, ನಾಲೆ ನೀರಿನ ಊರು ಶಿರಂಗಾಲದವರು. ಅಲ್ಲಿಯ ಗದ್ದೆಯಲ್ಲಿ ತಮ್ಮ ಪಾಲನ್ನು ಅಣ್ಣನಿಗೇ ಬಿಟ್ಟುಕೊಟ್ಟು ಇಲ್ಲಿ ಮೂರು ಎಕರೆ ಕಾಫಿ ತೋಟ ಮಾಡಿದವರು. ಗದ್ದೆ ಬಿಟ್ಟು ಬಂದರೂ ಗದ್ದೆ ಅವರನ್ನು ಬಿಟ್ಟಿರಲಿಲ್ಲ. ದಿನಾ ಸಂಜೆ ತೋಡಿನ ಪಕ್ಕದ ಬಂಡೆಯ ಮೇಲೆ ನಿಂತು ಅಣ್ಣನಿಗೆ ಫೋನ್ ಮಾಡುತ್ತಿದ್ದರು. ಸಿಗ್ನಲ್ ಸಿಗುತ್ತಿದ್ದದ್ದು ಅಲ್ಲೊಂದೇ ಕಡೆ. ಫೋನ್ ಇಲ್ಲದೆಯೂ ಶಿರಂಗಾಲಕ್ಕೆ ಕೇಳಿಸಬಹುದಾದಷ್ಟು ದೊಡ್ಡ ಗಂಟಲು. ಮಾತು ಮಾತ್ರ ಪ್ರತಿದಿನ ಒಂದೇ.

"ಅಣ್ಣಾ, ನಾಲೆಗೆ ನೀರ್ ಬಿಟ್ರಾ? ನನ್ ಗದ್ದೆಗೆ ಮುಟ್ತಾ?"

ಅದು ನಾಲೆಗೆ ನೀರು ಬಿಡುವ ಕಾಲವೇ ಅಲ್ಲದಿದ್ದರೂ ಕೇಳುತ್ತಿದ್ದರು. ಆ ಗದ್ದೆ ಅವರದಾಗಿ ಉಳಿದಿರಲಿಲ್ಲ, ಆದರೂ "ನನ್ ಗದ್ದೆ" ಎಂದೇ ಕೇಳುತ್ತಿದ್ದರು. ನಾನು ಜಗಲಿಯಲ್ಲಿ ಉತ್ತರ ಪತ್ರಿಕೆ ತಿದ್ದುತ್ತ ಕೂತಿದ್ದಾಗ ಆ ಮಾತು ತೋಡು ದಾಟಿ ಬಂದು ಕಿವಿಗೆ ಬೀಳುತ್ತಿತ್ತು. ಒಂದು ದಿನ ಕೆಂಪು ಪೆನ್ನನ್ನು ಬದಿಗಿಟ್ಟು ಗಿಟಾರು ಎತ್ತಿಕೊಂಡೆ. ಅರ್ಧ ಗಂಟೆಯಲ್ಲಿ ಹಾಡಾಯಿತು.

'ನಾಲೆಗೆ ನೀರು ಬಿಟ್ಟರೇನಣ್ಣಾ,
ನನ್ನ ಗದ್ದೆಗೆ ಮುಟ್ಟಿತೇನಣ್ಣಾ.'

ಅದೇ ಆಲ್ಬಮ್ಮಿನ ಹತ್ತನೆಯ, ಕೊನೆಯ ಹಾಡು. ನಾನು ಮಾಡಿದ್ದರಲ್ಲಿ ಚೆನ್ನಾಗಿರುವುದು ಅದೊಂದೇ. ಆ ಸಾಲು ನನ್ನದಲ್ಲ, ಕದ್ದದ್ದು. ಯಾರಿಂದ ಕದ್ದೆನೋ ಅವರಿಗೆ ಹೇಳುವ ಧೈರ್ಯ ನನಗಾಗಿರಲಿಲ್ಲ. ಮನುಷ್ಯನ ನೋವನ್ನು ಕಿಟಕಿಯಿಂದ ಕದ್ದು ಕೇಳಿ ಹಾಡು ಕಟ್ಟಿದೆ ಎಂದು ಯಾವ ಮುಖ ಇಟ್ಟುಕೊಂಡು ಹೇಳುವುದು?

ಮೊದಲ ಒಂಬತ್ತು ಹಾಡುಗಳು ಗಲಾಟೆಯವು. ಶರೀಫ ಮೋಟರಿನ ತಾಳಕ್ಕೇ ಡ್ರಮ್ ಹೊಂದಿಸಿ ಅದನ್ನು ನಾಲ್ಕನೆಯ ಸದಸ್ಯನನ್ನಾಗಿ ಮಾಡಿಕೊಂಡ. ಹತ್ತನೆಯದಕ್ಕೆ ಒಂದು ಗಿಟಾರು, ಒಂದು ಗಂಟಲು, ಅಷ್ಟೇ. ಅದರ ಹಿಂದೆ ಮೋಟರು ಬಡಿದುಕೊಂಡರೆ ಹಾಡು ಸತ್ತೇಹೋಗುತ್ತಿತ್ತು. ಸುತ್ತಲಿನ ಒಂದು ಮೋಟರು ನಿಂತರೆ ಇನ್ನೊಂದು ಶುರುವಾಗುತ್ತಿತ್ತು, ದಿನ ದೂಡಿದೆವು. ಕೊನೆಗೆ ಉಳಿದದ್ದು ಒಂದೇ ಮಧ್ಯಾಹ್ನ, ಆಗ ಓಡುತ್ತಿದ್ದದ್ದು ಪುಟ್ಟಸ್ವಾಮಣ್ಣನ ಮೋಟರು ಮಾತ್ರ. ಮರುದಿನ ಬೆಳಗಿನ ಬಸ್ಸಿಗೆ ಮೈಕುಗಳು ಮೈಸೂರಿಗೆ ಹೋಗಲೇಬೇಕಿತ್ತು. ಆ ಹಾಡಿಲ್ಲದ ಆಲ್ಬಮ್ ತಯಾರಿಸುವುದಕ್ಕಿಂತ ಸುಮ್ಮನಿರುವುದೇ ಮೇಲು ಎಂದು ನಾನು ಹೇಳಿದೆ. "ಹಾಗಾದ್ರೆ ಹೋಗಿ ಕೇಳು," ಎಂದ ಬೋಪಣ್ಣ.

ತೋಡು ದಾಟಿ ಹೋದೆ. ಮೋಟರಿನ ಪಕ್ಕ ಪುಟ್ಟಸ್ವಾಮಣ್ಣ ಕುಕ್ಕರಗಾಲಿನಲ್ಲಿ ಕೂತಿದ್ದರು.

"ಅಣ್ಣ, ಒಂದೈದು ನಿಮಿಷ ಮೋಟ್ರು ನಿಲ್ಸೋಕಾಗುತ್ತಾ?"

ಅವರು ಗಾಬರಿಯಿಂದ ಎದ್ದು ನಿಂತರು. "ಯಾಕ್ ಮೇಷ್ಟ್ರೇ, ಯಾರಾದ್ರೂ ತೀರ್ಕಂಡ್ರಾ?"

"ಇಲ್ಲಪ್ಪ. ಒಂದು ಹಾಡು..."

"ಹಾಡಾ?"

ಅವರು ಮೋಟರನ್ನು ನೋಡಿದರು, ನನ್ನನ್ನು ನೋಡಿದರು. "ಇದು ಒಂದ್ಸಲಿ ನಿಂತ್ರೆ ಮತ್ತೆ ಸ್ಟಾರ್ಟ್ ಆಗೋದು ಅದ್ರ ಮರ್ಜಿ. ನಾಕ್ ಗಂಟೆಗೆ ನನ್ ಸರದಿ ಮುಗೀತದೆ. ಕೆಳಗಡೆ ಇನ್ನೂ ಎರಡ್ ಸಾಲು ಬಾಕಿ ಅವೆ, ನೋಡಿ."

ನಮ್ಮ ತೋಡಿನಲ್ಲಿ ಬೇಸಿಗೆಯಲ್ಲಿ ನೀರು ಕಡಿಮೆ. ಮೂರು ತೋಟದವರು ಎರಡೆರಡು ದಿನದ ಸರದಿ ಮಾಡಿಕೊಂಡಿದ್ದಾರೆ. ಒಬ್ಬರ ಸರದಿ ಮುಗಿದ ಮೇಲೆ ಅವರು ಒಂದು ಕೊಡ ನೀರನ್ನೂ ಎತ್ತುವಂತಿಲ್ಲ. ನಾನೇ ಆ ಮೂರರಲ್ಲಿ ಒಬ್ಬ, ನನಗೆ ಗೊತ್ತಿಲ್ಲದ್ದೇನಲ್ಲ. ಕೇಳಬಾರದ್ದನ್ನು ಕೇಳಿದೆ ಎನಿಸಿ, "ಹೋಗ್ಲಿ ಬಿಡಿ ಅಣ್ಣ," ಎಂದು ತಿರುಗಿದೆ. ನಾಲ್ಕು ಹೆಜ್ಜೆ ಹಾಕಿರಬಹುದು.

"ಎಷ್ಟೊತ್ತು ಅಂದ್ರಿ?"

"ಐದು ನಿಮಿಷ."

"ಹೋಗಿ ಕೂತ್ಕಳಿ. ಮೋಟ್ರು ನಿಂತ ತಕ್ಷಣ ಶುರು ಹಚ್ಕಳಿ. ಮುಗಿದದ್ದು ನಂಗೆ ಹೆಂಗ್ ಗೊತ್ತಾಗೋದು? ಬ್ಯಾಡ ಬಿಡಿ, ನಾನೇ ಇಲ್ಲಿ ಕಿವಿ ಕೊಟ್ಕಂಡ್ ನಿಂತಿರ್ತೀನಿ."

ಓಡಿದೆ. ಗಿಟಾರು ತೊಡೆಯ ಮೇಲೇರುವಷ್ಟರಲ್ಲಿ ಮೋಟರು ನಿಂತಿತು. ಹತ್ತು ದಿನದಿಂದ ಕೇಳದಿದ್ದ ಮೌನ ಕಿಟಕಿಯಿಂದ ಒಳಗೆ ಬಂತು. ಎಲ್ಲೋ ಒಂದು ಹಕ್ಕಿ, ತೋಡಿನ ಸಣ್ಣ ಜುಳುಜುಳು, ಅಷ್ಟೇ. ಹಾಡಿದೆ. ಅಷ್ಟು ಚೆನ್ನಾಗಿ ಅದಕ್ಕೆ ಮುಂಚೆಯೂ ಹಾಡಿರಲಿಲ್ಲ, ಆಮೇಲೂ ಹಾಡಿಲ್ಲ. ಬೇರೊಬ್ಬರ ಮೊಗ್ಗು ಕಾಯುತ್ತಿದೆ ಎಂಬ ಭಯಕ್ಕೋ ಏನೋ, ಚರಣ ಮೇಲೇರುವಲ್ಲಿ ಕೈ ನಿಧಾನವಾಗಲೇ ಇಲ್ಲ. ಕೊನೆಯ ತಂತಿಯ ನಾದ ಪೂರ್ತಿ ಆರುವವರೆಗೆ ಉಸಿರಾಡಬೇಡಿ ಎಂದು ಶರೀಫ ಕೈ ಎತ್ತಿದ್ದ. ತಂತಿ ಆರಿತು. ಆಗ ತೋಡಿನ ಆಚೆಯಿಂದ ಹ್ಯಾಂಡಲ್ ತಿರುಗಿದ ಸದ್ದು ಕೇಳಿತು.

ಡುಗ್... ಡುಗ್ ಡುಗ್ ಡುಗ್... ಡುಗ್... ಡುಗ್.

ಆಮೇಲೆ ಏನಿಲ್ಲ. ರೆಕಾರ್ಡಿಂಗ್ ನಿಲ್ಲಿಸುವುದನ್ನೂ ಮರೆತು ಓಡಿದೆವು.

ಬೋಪಣ್ಣ ಹ್ಯಾಂಡಲ್ ತಿರುಗಿಸಿದ, ಶರೀಫ ತಿರುಗಿಸಿದ, ನಾನೂ ತಿರುಗಿಸಿದೆ. ಪ್ರತಿ ವರ್ಷ ಮಕ್ಕಳಿಗೆ ಡೀಸೆಲ್ ಎಂಜಿನ್ನಿನ ಚಿತ್ರ ಬರೆಸಿ, ಭಾಗಗಳನ್ನು ಹೆಸರಿಸಿ ಎಂದು ಪ್ರಶ್ನೆ ಕೇಳುವ ನಾನು, ಜೀವಂತ ಎಂಜಿನ್ನಿನ ಮುಂದೆ ಒಂದು ನಟ್ಟನ್ನೂ ಗುರುತಿಸಲಾರದೆ ನಿಂತಿದ್ದೆ. "ಪೈಪಲ್ಲಿ ಗಾಳಿ ಹೊಕ್ಕಂಡದೆ," ಎಂದಷ್ಟೇ ಹೇಳಿ ಪುಟ್ಟಸ್ವಾಮಣ್ಣ ಸ್ಪಾನರ್ ಹಿಡಿದು ಕೂತರು. ಬೆವರು ಒರೆಸಿಕೊಳ್ಳಲೂ ಕೈ ಬಿಡಲಿಲ್ಲ. ಮೋಟರು ಕೊನೆಗೂ ಶುರುವಾದಾಗ ನಾಲ್ಕೂಕಾಲು. ಮುಂದಿನ ಸರದಿ ಕೆಳಗಿನ ತೋಟದವರದು, ಬೋಪಣ್ಣನಿಗೆ ನೆಂಟರೇ. "ನಾನು ಹೇಳ್ತೇನೆ ಅವರಿಗೆ, ಒಂದರ್ಧ ಗಂಟೆ ಬಿಟ್ಕೊಡ್ತಾರೆ," ಎಂದು ಬೋಪಣ್ಣ ಫೋನ್ ತೆಗೆದ. ಪುಟ್ಟಸ್ವಾಮಣ್ಣ ಅವನ ಕೈ ಹಿಡಿದು ತಡೆದರು.

"ಬ್ಯಾಡ. ಸರದಿ ಅಂದ್ರೆ ಸರದಿ. ನಾಲೆ ನೀರಲ್ಲಿ ಬೆಳೆದೋನು ನಾನು, ಇನ್ನೊಬ್ರ ನೀರು ಕೇಳಕಿಲ್ಲ."

ಎಂಜಿನ್ ನಿಲ್ಲಿಸಿ ಮನೆ ಕಡೆ ನಡೆದರು. ನಾನು ಹಿಂದೆಯೇ ಹೋಗಿ ಏನೋ ತೊದಲಿದೆ. "ಮೋಟ್ರೇ ಹಂಗೆ, ನೀವೇನ್ ಮಾಡಕಾಯ್ತದೆ," ಎಂದು ಬಾಗಿಲು ದಾಟಿ ಒಳಗೆ ಹೋದರು.

ಅವರ ಸರದಿ ಮತ್ತೆ ಬರುವಷ್ಟರಲ್ಲಿ ಬಾಕಿ ಉಳಿದ ಸಾಲುಗಳ ಮೊಗ್ಗು ಒಣಗಿತ್ತು. ಹತ್ತು ದಿನದ ಮೇಲೆ ಹೂ ಬಂತು. ಅವರ ಇಡೀ ತೋಟ ಬೆಳ್ಳಗೆ ಅರಳಿತು, ಕೆಳಗಿನ ಎರಡು ಸಾಲು ಬಿಟ್ಟು. ಬಿಳಿ ಪಂಚೆಗೆ ಹಸಿರು ಅಂಚು ಹಾಕಿದಂತೆ ಆ ಸಾಲುಗಳು ನಮ್ಮ ಗೋದಾಮಿನ ಕಿಟಕಿಗೆ ನೇರವಾಗಿ ಕಾಣುತ್ತಿದ್ದವು. ಊರೆಲ್ಲ ಹೂವಿನ ಪರಿಮಳ. ನಾನು ಆ ಒಂದು ವಾರ ಕಿಟಕಿ ಮುಚ್ಚಿಟ್ಟಿದ್ದೆ. ಪುಟ್ಟಸ್ವಾಮಣ್ಣ ಆ ಬಗ್ಗೆ ಅಂದಿನಿಂದ ಇಂದಿನವರೆಗೆ ಒಂದು ಮಾತೂ ಎತ್ತಿಲ್ಲ, ಕಂಡಾಗಲೆಲ್ಲ "ಮೇಷ್ಟ್ರೇ, ಕಾಪಿ ಆಯ್ತಾ?" ಎಂದೇ ವಿಚಾರಿಸುತ್ತ ಬಂದಿದ್ದಾರೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಮೋಟರಿನ ಸದ್ದನ್ನು ಕತ್ತರಿಸೋಣವೆಂದು ಶರೀಫ ಹೇಳಿದ. ನಾನು ಬಿಡಲಿಲ್ಲ. ಆ ಮನುಷ್ಯ ನಮಗೆ ಕೊಟ್ಟದ್ದು ಏನೆಂದು ಎಲ್ಲಾದರೂ ಒಂದು ಕಡೆ ಉಳಿಯಬೇಕಲ್ಲ? ಹಾಗಾಗಿ 'ಗೇಟು ತೆಗೀರಿ' ಮುಗಿಯುವುದು ಆ ಡುಗ್ ಡುಗ್‌ನಿಂದ. ಇಂಟರ್ನೆಟ್ಟಿನಲ್ಲಿ ಬರೆದ ಮಹಾಶಯರು ಅದನ್ನು ಬಹಳ ಮೆಚ್ಚಿಕೊಂಡಿದ್ದರು. ಊರು ಬಿಟ್ಟವನ ಎದೆಬಡಿತ ಮೆಲ್ಲಗೆ ನಿಂತುಹೋಗುವುದನ್ನು ಒಂದು ಅಪರೂಪದ ಚರ್ಮವಾದ್ಯದಲ್ಲಿ ಹಿಡಿದಿದ್ದಾರೆ ಎಂದಿದ್ದರು. ನಾವು ಮೂವರೂ ಓದಿ ತೆಪ್ಪಗಿದ್ದೆವು.

ಸಿ.ಡಿ.ಗಳನ್ನು ಮುನ್ನೂರು ಮಾಡಿಸಿದ್ದೆವು. ಅದೇ ವರ್ಷ ನಮ್ಮ ಪೇಟೆಯ ಅಂಗಡಿಯವರು ಸಿ.ಡಿ. ಪ್ಲೇಯರ್ ತರಿಸುವುದನ್ನೇ ನಿಲ್ಲಿಸಿದರು. ಉಳಿದ ಪ್ರತಿಗಳ ಮೇಲೆ ನಮ್ಮ ಮನೆಯಲ್ಲಿ ಕಾಫಿ ಲೋಟ ಇಡುತ್ತೇವೆ. ಪುಟ್ಟಸ್ವಾಮಣ್ಣನಿಗೂ ಒಂದು ಕೊಟ್ಟೆ. ಕೊಟ್ಟದ್ದು ಸಾಲದೆನಿಸಿ ಮುಂದಿನ ಸಲ ಹೂ ಬಂದಾಗ ಇನ್ನೊಂದು ಕೊಟ್ಟೆ, ಆಮೇಲೆ ಮತ್ತೊಂದು. ಹೀಗೆ ನಾಲ್ಕಾದವು. ಅವರ ಮನೆಯಲ್ಲಿ ಅದನ್ನು ಹಾಕಿ ಕೇಳಲು ಏನಾದರೂ ಇದೆಯೇ ಎಂದು ವಿಜ್ಞಾನದ ಮೇಷ್ಟ್ರಿಗೆ ಹೊಳೆಯಲೇ ಇಲ್ಲ.

ಅದು ಹೊಳೆದದ್ದು ಭಾನುವಾರ, ಬೀನ್ಸ್ ಚಪ್ಪರದ ಕೆಳಗೆ. ಆ ಹೊತ್ತಿಗೆ ಪುಟ್ಟಸ್ವಾಮಣ್ಣ ಕಾಫಿ ಲೋಟ ಹಿಡಿದುಕೊಂಡು ಹೊರಗೆ ಬಂದರು. ಈಗ ಅವರಿಗೆ ಎಪ್ಪತ್ತರ ಹತ್ತಿರ. ಅಣ್ಣ ತೀರಿಕೊಂಡು ಮೂರು ವರ್ಷವಾಯಿತು, ಬಂಡೆಯ ಮೇಲಿನ ಸಂಜೆಯ ಫೋನೂ ಅಂದಿನಿಂದ ನಿಂತಿದೆ. ಹಳೆಯ ಡೀಸೆಲ್ ಮೋಟರು ಗುಜರಿಗೆ ಹೋಗಿ ಕರೆಂಟಿನದು ಬಂದಿದೆ.

"ಅಣ್ಣ, ಇದರಲ್ಲಿರೋ ಹಾಡು ಒಂದ್ಸಲನೂ ಕೇಳಿಲ್ವಾ ನೀವು?" ಎಂದೆ.

"ಎಲ್ಲಿ ಕೇಳದು? ಹೊಳೀತದಲ್ಲ, ಅಷ್ಟೇ."

ನನ್ನ ಫೋನಿನಲ್ಲಿ ಹತ್ತನೆಯ ಹಾಡು ಹಾಕಿ ಜಗಲಿಯ ಕಟ್ಟೆಯ ಮೇಲಿಟ್ಟೆ. ಕದ್ದ ಮಾಲನ್ನು ಮಾಲೀಕರ ಮುಂದೆ ತೆರೆದಿಟ್ಟ ಕಳ್ಳನ ಹಾಗೆ ಹಿಂದಕ್ಕೆ ಸರಿದೆ. ಅವರು ಲೋಟ ಕೆಳಗಿಟ್ಟು, ಫೋನಿನ ಕಡೆಗೆ ಕಿವಿ ಮಾಡಿ, ಅಲುಗಾಡದೆ ಕೂತರು. ಹಾಡು ಮುಗಿಯಿತು. ಡುಗ್... ಡುಗ್ ಡುಗ್ ಡುಗ್. ಅವರ ಬಲಗೈ ಮುಷ್ಟಿ ಕಟ್ಟಿ ಗಾಳಿಯಲ್ಲಿ ಅರ್ಧ ಸುತ್ತು ತಿರುಗಿತು. ಡುಗ್... ಡುಗ್. ಕೈ ಮೆಲ್ಲಗೆ ತೊಡೆಯ ಮೇಲೆ ಬಂದು ಕೂತಿತು.

"ಅದು ನಮ್ ಮೋಟ್ರು," ಎಂದರು.

"ಹೌದು ಅಣ್ಣ. ಅವತ್ತು ನನ್ನಿಂದ ನಿಮ್ಮ ಎರಡು ಸಾಲು..."

"ನಿಮ್ಮಿಂದಲ್ಲ," ಎಂದು ಅವರು ತಡೆದರು. ರತ್ನಕ್ಕನ ಕಡೆ ಒಮ್ಮೆ ನೋಡಿ, ಮಾಡಿದ ತಪ್ಪನ್ನು ಮೇಷ್ಟ್ರ ಮುಂದೆ ಒಪ್ಪಿಕೊಳ್ಳುವ ಹುಡುಗನ ಹಾಗೆ ತಲೆ ಕೆರೆದುಕೊಂಡರು. "ಮೋಟ್ರುದೂ ತಪ್ಪಿರ್ಲಿಲ್ಲ ಮೇಷ್ಟ್ರೇ, ಸುಳ್ಳೇ ಅದ್ರ ತಲೆ ಮ್ಯಾಲೆ ಹಾಕ್ದೆ. ನಿಲ್ಸಿದ್ಮೇಲೆ ಡೀಸೆಲ್ ಕಾಕ್ ಬಂದ್ ಮಾಡಿದ್ದೆ, ಸೋರ್ತಿತ್ತು ಅಂತ. ಮತ್ತೆ ಸ್ಟಾರ್ಟ್ ಮಾಡೋ ಮುಂಚೆ ಅದನ್ನ ತಿರುಗುಸ್ಬೇಕು. ಇಪ್ಪತ್ ವರ್ಸದಲ್ಲಿ ಒಂದಿನಾನೂ ಮರ್ತೋನಲ್ಲ. ಅವತ್ತು ಮರ್ತೆ, ಗಾಳಿ ಹೊಕ್ತು."

"ಯಾಕಣ್ಣ?"

"ಯಾಕಂದ್ರೆ? ಆ ದಡದಲ್ಲಿ ನೀವು ನನ್ ಮಾತು ಹಾಡ್ತಿದ್ರಿ. ದಿನಾ ಅಣ್ಣನ್ನ ನಾನು ಕೇಳೋ ಮಾತು. ನನ್ ಕೈ ಕಾಲೇ ಆಡ್ಲಿಲ್ಲ."

ಹನ್ನೊಂದು ವರ್ಷ ನಾನು ಅವರಿಗೆ ಹೇಳಲಾಗದೆ ಒಳಗಿಟ್ಟುಕೊಂಡದ್ದು ಅವರಿಗೆ ಮೊದಲ ದಿನವೇ ಗೊತ್ತಿತ್ತು. ಚಪ್ಪರದಲ್ಲಿ ತಿರುಗುತ್ತಿದ್ದ ನನ್ನ ಮುಖವನ್ನೇ ನೋಡುತ್ತ ಕೂತೆ. ಮಾಕುಟ್ಟದ ಗೇಟಿನವರು ನಮ್ಮ ಹಾಡು ಕೇಳಿ ಕಳಿಸಿಕೊಟ್ಟಿದ್ದರು, ನಿಜ. ನಮ್ಮ ಹಾಡು ಕೇಳುತ್ತ ತಮ್ಮ ಕೆಲಸ ಮರೆತು ನಿಂತವರು, ತೋಡಿನ ಆಚೆಯ ಈ ಒಬ್ಬರೇ. ಅಂಥ ಒಬ್ಬರು ಸಿಕ್ಕರಲ್ಲ, ನಮ್ಮ ಆಲ್ಬಮ್ಮಿಗೆ ಇನ್ನೇನು ಬೇಕು? ಅದನ್ನು ಅವರಿಗೆ ಹೇಳಬೇಕೆಂದು ಬಾಯಿ ತೆರೆದೆ. ಬಂದದ್ದು, "ಥ್ಯಾಂಕ್ಸ್ ಅಣ್ಣ," ಎಂಬ ಒಣ ಮಾತು.

ಅವರು ಅದನ್ನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ತಣ್ಣಗಾದ ಕಾಫಿಯನ್ನು ಒಂದೇ ಗುಟುಕಿಗೆ ಮುಗಿಸಿ, ಫೋನನ್ನು ಬೆರಳಿನಿಂದ ನನ್ನ ಕಡೆ ತಳ್ಳಿದರು.

"ಇನ್ನೊಂದ್ಸಲಿ ಹಾಕಿ ಮೇಷ್ಟ್ರೇ. ಈಗ ಮೋಟ್ರು ಚಿಂತೆ ಇಲ್ಲ."